ಪಡುವಣ ಸಾಲಿನ ಹನ್ನೆರಡು ಕಂಬ

ಏಪ್ರಿಲ್ 13, ರವಿವಾರ, ಸಾರವಾಡ

ಇದು ಅಳತೆ ಬರೆದುಕೊಳ್ಳುವ ಡೈರಿ. ಗೇಟು, ಗ್ರಿಲ್, ಶೆಡ್ಡು ಬಿಟ್ಟು ಬೇರೆ ಏನನ್ನಾದರೂ ಇದರಲ್ಲಿ ಬರೆಯುವುದು ವರ್ಷಕ್ಕೆ ನಾಲ್ಕೈದು ಸಲ. ಇವತ್ತು ಬರೆಯಲೇಬೇಕು. ಇಷ್ಟು ಸುಖವಾದ ದಿನ ಹೋದ ದೀಪಾವಳಿಯಿಂದ ಈಚೆಗೆ ಬಂದಿರಲಿಲ್ಲ.

ಅಕ್ಕ ಮುರಿಗೆವ್ವನ ಮಗಳು ಮಾಲಾಳ ಕುಬಸ. ಚೊಚ್ಚಲ ಬಸುರಿ, ಹಸಿರು ಸೀರೆ ಉಟ್ಟು ನಾಚಿಕೊಂಡು ಕೂತಿದ್ದಳು. ನನ್ನ ಹೆಂಡತಿ ಸೌಭಾಗ್ಯ ಎರಡು ದಿನ ಮೊದಲೇ ಬಂದು ಐದು ಥರದ ಉಂಡಿ ಕಟ್ಟಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಹೋಳಿಗೆ ನನ್ನ ಲೆಕ್ಕದಲ್ಲಿ ನಾಲ್ಕು, ಸೌಭಾಗ್ಯಳ ಲೆಕ್ಕದಲ್ಲಿ ಏಳು. ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಹೊರಸು ಹಾಕಿಸಿಕೊಂಡು ಮೂರೂವರೆಗೆ ಬಿದ್ದುಕೊಂಡವನು ಎದ್ದಾಗ ಆರು ಗಂಟೆ. ನಡುವೆ ಒಮ್ಮೆ ತಂಪು ಗಾಳಿ ಬೀಸಿದ ನೆನಪು. ತಿಕೋಟಾ ದಿಕ್ಕಿಗೆ ಆಕಾಶ ಕಪ್ಪಾಗಿತ್ತಂತೆ, ಅಲ್ಲೆಲ್ಲೋ ಮಳೆ ಆಗಿರಬೇಕೆಂದು ಭಾವ ಅಂದರು. ಎಲ್ಲೋ ಬಿದ್ದ ಮಳೆಯ ತಂಪು ನಮಗೆ ಪುಕ್ಕಟೆ ಸಿಕ್ಕಿತು.

ಫೋನನ್ನು ವಿಜಯಪುರದ ಸೊಲ್ಲಾಪುರ ರಸ್ತೆಯ ನನ್ನ ವೆಲ್ಡಿಂಗ್ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಮರೆತು ಬಂದಿದ್ದೇನೆ. ನನ್ನಂಥ ಚೇತನಕುಮಾರನ ಫೋನು ಒಂದು ದಿನ ಬಂದ್ ಇದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಇದ್ದು ನಾಳೆ ಹೋಗು ಅಂದಳು ಅಕ್ಕ. ಇದ್ದೇವೆ.

ಏಪ್ರಿಲ್ 14, ಸೋಮವಾರ

ಹನ್ನೊಂದಕ್ಕೆ ಅಂಗಡಿಯ ಶಟರ್ ಎತ್ತಿ ಫೋನು ನೋಡಿದೆ. ಮೂವತ್ತೆರಡು ಮಿಸ್ಡ್ ಕಾಲ್. ಹೆಚ್ಚಿನವು ಕಳ್ಳಕವಟಗಿಯ ಬಸಗೊಂಡಪ್ಪನವರವು. ಅವರ ತೋಟದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡನ್ನು ಫೆಬ್ರುವರಿಯಲ್ಲಿ ಕಟ್ಟಿಕೊಟ್ಟವನು ನಾನು.

ಅವರಿಗೆ ತಿರುಗಿ ಫೋನು ಮಾಡಿದೆ. ಆ ಶೆಡ್ಡು ಬಿದ್ದಿದೆ. ನಿನ್ನೆ ನಾಲ್ಕು ಗಂಟೆಗೆ ಬಿರುಗಾಳಿ, ಅದರ ಹಿಂದೆಯೇ ಆಣೆಕಲ್ಲು ಮಳೆ. ಒಳಗೆ ಕೆಲಸದ ತಿಪ್ಪವ್ವ ಇದ್ದಳು. ತೊಡೆಯ ಎಲುಬು ಮುರಿದಿದೆ, ಹೆಗಲ ಮೂಳೆಯೂ ಹೋಗಿದೆ. ರಾತ್ರಿಯೇ ವಿಜಯಪುರಕ್ಕೆ ತಂದು ಆಸ್ಪತ್ರೆಗೆ ಹಾಕಿದ್ದಾರೆ. ಜೀವಕ್ಕೆ ಅಪಾಯವಿಲ್ಲ ಅಂದರು.

ಆ ಕಡೆ ಬೇವಿನ ಮರಗಳೇ ಬುಡಸಮೇತ ಎದ್ದಿವೆಯಂತೆ. ಕರೆಂಟಿನ ಕಂಬ ಹತ್ತಿಪ್ಪತ್ತು ಮಲಗಿವೆ. ಮನೆಗಳ ಮೇಲಿನ ತಗಡು ಅರ್ಧ ಮೈಲಿ ಹಾರಿ ಹೋಗಿವೆ. ಸರಕಾರದ ಕಂಬವೇ ನಿಲ್ಲದ ಗಾಳಿಗೆ ನನ್ನ ಪೈಪು ಯಾವ ಲೆಕ್ಕ? ಗಾಳಿಗೆ ನಾನೇನು ಹೇಳಿ ಕಳಿಸಿದ್ದೆನೆ?

ಆಸ್ಪತ್ರೆಗೆ ಹೋಗಬೇಕೆಂದಿದ್ದೆ. ಇವತ್ತು ಬಾಬಾಸಾಹೇಬರ ಜಯಂತಿ, ಊರ ತುಂಬ ನೀಲಿ ಬಾವುಟ, ಮೆರವಣಿಗೆಯಿಂದ ರಸ್ತೆ ಕಟ್ಟಿತ್ತು. ತಿಪ್ಪವ್ವನ ಮನೆಯವರು ಬೌದ್ಧರು, ಅವರಿಗೆ ವರ್ಷದಲ್ಲಿ ಇದೇ ದೊಡ್ಡ ದಿನ. ಇಂಥ ದಿನ ಅವಳು ಅಲ್ಲಿ ಮಲಗಬೇಕಾಯಿತು. ನಾಳೆ ನೋಡೋಣ.

ಏಪ್ರಿಲ್ 15, ಮಂಗಳವಾರ

ಸಾದಿಕ ಚಾಚಾನನ್ನು ಹಿಂದೆ ಕೂರಿಸಿಕೊಂಡು ಬೈಕಿನ ಮೇಲೆ ಕಳ್ಳಕವಟಗಿಗೆ ಹೋಗಿ ಬಂದೆ. ಚಾಚಾ ನನ್ನ ಅಪ್ಪನ ಕಾಲದಿಂದ ನಮ್ಮ ಅಂಗಡಿಯಲ್ಲಿದ್ದಾನೆ. ವೆಲ್ಡಿಂಗ್ ಹಿಡಿಯಲು ನನಗೆ ಕಲಿಸಿದವನೂ ಅವನೇ.

ಶೆಡ್ಡು ಪಡುವಣದಿಂದ ಎದ್ದು ಮೂಡಣಕ್ಕೆ ಮಗುಚಿಕೊಂಡಿದೆ. ಹದಿನೈದು ದಿನ ಒಣಗಿದ ದ್ರಾಕ್ಷಿ ಕೆಸರಿನಲ್ಲಿ ಕಲೆತುಹೋಗಿದೆ. ಬಸಗೊಂಡಪ್ಪನವರು ನನ್ನನ್ನು ಕಂಡು ಬೈಯುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಬೈಯಲಿಲ್ಲ. ಹೆಗಲ ಮೇಲೆ ಕೈ ಹಾಕಿದರು.

"ಆಕಿ ನಾಕೂ ಕಡೆ ತಾಡಪತ್ರಿ ಬಿಗದ ಕಟ್ಟ್ಯಾಳೋ ಚೇತನ. ಗಾಳಿ ಒಳಗ ತುಂಬಿಕೊಂಡು ಶೆಡ್ಡ ಎತ್ತಿ ಒಗದೈತಿ. ಅದಕ್ಕ ನೀ ಏನ್ ಮಾಡ್ತಿ?"

ಅಲ್ಲಿ ನಿಂತಿದ್ದವರೆಲ್ಲ ಅದನ್ನೇ ಅಂದರು. ಬದಿಗೆ ಇಳಿಬಿಟ್ಟ ಆ ಟಾರ್ಪಾಲನ್ನು ಕಟ್ಟದೆ ಬಿಟ್ಟಿದ್ದರೆ ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತಿತ್ತು, ಮಾಲು ತೊಯ್ಯುತ್ತಿತ್ತು ಅಷ್ಟೆ, ಶೆಡ್ಡು ನಿಲ್ಲುತ್ತಿತ್ತು ಎಂದು. ನಾನು ಹೂಂ ಅಂದೆ. ಎರಡು ಕಪ್ ಚಹಾ ಕುಡಿದೆ. ನಿನ್ನೆಯಿಂದ ರುಚಿಸದಿದ್ದ ಚಹಾ ಅಲ್ಲಿ ರುಚಿಸಿತು.

ಚಾಚಾ ಮಾತ್ರ ಪಡುವಣ ಸಾಲಿನ ಹನ್ನೆರಡು ಕಂಬದ ಬುಡವನ್ನು ಒಂದೊಂದಾಗಿ ಕೂತು ನೋಡಿದ. ಬುಡದ ಪ್ಲೇಟುಗಳು ಕಾಂಕ್ರೀಟಿನಲ್ಲಿ ಹಾಗೇ ಇವೆ. ಕಂಬಗಳು ಪ್ಲೇಟಿನಿಂದ ಬಿಟ್ಟುಕೊಂಡು ಹೋಗಿವೆ.

ಏಪ್ರಿಲ್ 17, ಗುರುವಾರ

ಬರೆಯುವಂಥದ್ದೇನಿಲ್ಲ. ಒಂದು ಕಿಟಕಿಯ ಗ್ರಿಲ್ ಮುಗಿಸಿದೆ. ಎರಡೂ ಮಗ್ಗಲು ಪೂರಾ ವೆಲ್ಡಿಂಗ್ ಹೊಡೆದು ಒಮ್ಮೆ ಉಜ್ಜಿ ನೋಡಿ ಮತ್ತೆ ಹೊಡೆದೆ. ಇದೇನು ಜೇಲಿನ ಕಿಟಕಿ ಮಾಡಿಕೊಟ್ಟಿರಿ ಎಂದು ಗಿರಾಕಿ ನಕ್ಕ. ಎತ್ತಲು ನಾಲ್ಕು ಜನ ಬೇಕಾಯಿತು.

ಏಪ್ರಿಲ್ 19, ಶನಿವಾರ

ಆಸ್ಪತ್ರೆಗೆ ಹೋಗಿ ಬಂದೆ. ಹೋಗಿ ಬಂದೆ ಅನ್ನುವುದಕ್ಕಿಂತ ಸೌಭಾಗ್ಯ ಎಳೆದುಕೊಂಡು ಹೋದಳು. ಐದು ದಿನವಾಯಿತು, ಮುಖ ತೋರಿಸದಿದ್ದರೆ ಜನ ಏನಂದಾರು ಅಂದಳು. ಒಂದು ಡಬ್ಬಿಯಲ್ಲಿ ಗಂಜಿ, ಇನ್ನೊಂದರಲ್ಲಿ ಮೊಸರನ್ನ ಕಟ್ಟಿಕೊಂಡಿದ್ದಳು.

ತಿಪ್ಪವ್ವನ ಕಾಲಿಗೆ ರಾಡು ಹಾಕಿದ್ದಾರೆ. ಮಗಳು ನೀಲಾ ಪಕ್ಕದಲ್ಲಿದ್ದಳು. ವಿಜಯಪುರದಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು, ಸೆಟೆದು ನಿಂತು ಮಾತಾಡುವ ಹುಡುಗಿ. ತಾಯಿ ಹಾಗಲ್ಲ. ನನ್ನನ್ನು ಕಂಡದ್ದೇ ಎಡಗೈಯೂರಿ ಏಳಲು ನೋಡಿದಳು. ಬೇಡ ಬೇಡ ಅಂದೆವು.

"ನೀವು ಕಟ್ಟಿದ್ದನ್ನ ನಾ ಕೆಡವಿದೆರಿ ಯಪ್ಪಾ. ಹದಿನೆಂಟು ವರ್ಷ ದ್ರಾಕ್ಷಿ ಶೆಡ್ಡಿನಾಗ ದುಡದ್ನಿ, ಇದೊಂದು ನನಗ ತಿಳೀಲಿಲ್ಲ."

ಸೌಭಾಗ್ಯ ಅವಳ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು. ನೀಲಾ ನನ್ನ ಕಡೆ ತಿರುಗಿ ಕೇಳಿದಳು: "ನೀವು ತಿಳದವ್ರು ಹೇಳ್ರಿ. ಗಾಳಿ ಬಂದಾಗ ತಾಡಪತ್ರಿ ಕಟ್ಟಬೇಕೋ, ಬಿಡಬೇಕೋ?"

ಬಹಳ ಜೋರು ಗಾಳಿ ಇದ್ದರೆ ಬಿಡುವುದು ಒಳ್ಳೆಯದು ಎಂದೆ. ಅದು ಸುಳ್ಳಲ್ಲ.

ಬರುವಾಗ ಡಬ್ಬಿ ಅಲ್ಲೇ ಬಿಟ್ಟು ಬಂದಿದ್ದೇವೆ.

ಏಪ್ರಿಲ್ 20, ರವಿವಾರ

ಊಟ ಬೇಡವೆನಿಸಿತು. ಮಧ್ಯಾಹ್ನ ಮಲಗಿ ನೋಡಿದೆ, ಆಗಲಿಲ್ಲ.

ಏಪ್ರಿಲ್ 22, ಮಂಗಳವಾರ

ಚಾಚಾ ಇವತ್ತು ಬೆಂಚಿನ ಕೆಳಗಿನಿಂದ ಒಂದು ಚೀಲ ಎಳೆದು ನನ್ನ ಮುಂದೆ ಸುರುವಿದ. ಹನ್ನೆರಡು ಕ್ಲಾಂಪು, ನಟ್ಟು ಬೋಲ್ಟು ಸಮೇತ.

ಈ ಮಾತನ್ನು ಎಲ್ಲಿಯೂ ಬರೆದಿಲ್ಲ, ಇಲ್ಲಾದರೂ ಬರೆಯುತ್ತೇನೆ. ಫೆಬ್ರುವರಿಯಲ್ಲಿ ನಾವು ಉಳಿದ ಮೂರು ಸಾಲು ಮುಗಿಸಿ ಪಡುವಣ ಸಾಲಿನಲ್ಲಿ ಕೆಲಸ ಮಾಡುತ್ತಿರುವಾಗಲೇ ದ್ರಾಕ್ಷಿಯ ಮೊದಲ ಟ್ರ್ಯಾಕ್ಟರ್ ಬಂದು ನಿಂತಿತು. ಕಾಯಿ ಕೊಯ್ದ ಮೇಲೆ ಕಾಯುವ ಹಾಗಿಲ್ಲ, ಎಣ್ಣೆಯ ನೀರಿನಲ್ಲಿ ಅದ್ದಿ ಅವತ್ತೇ ಬಲೆಯ ಮೇಲೆ ಹರವಬೇಕು. ಹರವಿದ ಮೇಲೆ ಆ ಶೆಡ್ಡಿನಲ್ಲಿ ಯಾರೂ ವೆಲ್ಡಿಂಗ್ ಮಾಡಗೊಡುವುದಿಲ್ಲ. ಕಿಡಿ ಹಾರಿದರೆ ಬಲೆ ಉರಿಯುತ್ತದೆ, ಹೊಗೆಗೆ ಮಾಲು ಕಪ್ಪಾಗುತ್ತದೆ. ಅದಕ್ಕೆ ನಮ್ಮ ಕಡೆ ಒಂದು ರೂಢಿಯೇ ಆಗಿದೆ. ಕಂಬವನ್ನು ಪ್ಲೇಟಿಗೆ ನಾಲ್ಕು ಕಡೆ ಚುಕ್ಕೆ ಇಟ್ಟ ಹಾಗೆ ತಗಲಿಸಿ ಬಿಡುವುದು. ಅದಕ್ಕೆ ಟ್ಯಾಕ್ ಅನ್ನುತ್ತೇವೆ. ಸೀಜನ್ ಮುಗಿದು ಶೆಡ್ಡು ಖಾಲಿಯಾದ ಮೇಲೆ ಹೋಗಿ ಸುತ್ತಲೂ ಪೂರಾ ವೆಲ್ಡಿಂಗ್ ಹೊಡೆಯುವುದು. ಎಲ್ಲರೂ ಹಾಗೇ ಮಾಡುತ್ತಾರೆ. ಆ ಹನ್ನೆರಡು ಕಂಬ ಎರಡು ತಿಂಗಳು ಚುಕ್ಕೆಗಳ ಮೇಲೆ ನಿಂತಿದ್ದವು.

ಕಿಡಿ ಬೇಡವಾದರೆ ಕ್ಲಾಂಪು ಹಾಕಿ ಬಿಗಿದು ಬರೋಣ ಎಂದು ಚಾಚಾ ಮಾರ್ಚಿನಲ್ಲೇ ಹೇಳಿ ಮಾಡಿಟ್ಟಿದ್ದ. ಒಂದು ದಿನದ ಕೆಲಸ. ಈ ರವಿವಾರ ಹೋಗೋಣ, ಮುಂದಿನ ರವಿವಾರ ಹೋಗೋಣ ಎಂದು ನಾನೇ ಮುಂದೂಡಿದೆ. ಹದಿಮೂರನೆಯ ತಾರೀಖು ಖಂಡಿತ ಬರುತ್ತೇನೆಂದು ಬಸಗೊಂಡಪ್ಪನವರಿಗೆ ಮಾತು ಕೊಟ್ಟಿದ್ದೆ.

ಚಾಚಾ ಚೀಲ ಸುರುವಿ ನಿಂತದ್ದು ನೋಡಿ ನನಗೆ ಸಿಟ್ಟು ಬಂತು. ಬಿರುಗಾಳಿಗೆ ಪೂರಾ ವೆಲ್ಡಿಂಗ್ ಆದರೂ ನಿಲ್ಲುತ್ತಿರಲಿಲ್ಲ ಎಂದೆ. ಉಳಿದ ಮೂರು ಸಾಲು ಪ್ಲೇಟಿನಿಂದ ಬಿಟ್ಟಿಲ್ಲ, ಬಾಗಿವೆ ಅಷ್ಟೆ ಎಂದ. ನಾನು ಕೂಗಾಡಿದೆ. ಅವನು ದನಿ ಏರಿಸಲಿಲ್ಲ.

"ಚೇತು, ಗಾಳಿ ಬರೂತನಾ ಅದು ನಮ್ಮ ಕೆಲಸ ಇತ್ತು. ಬಿದ್ದ ಮ್ಯಾಲ ತಿಪ್ಪವ್ವಂದು ಆತೇನು?"

ಹಾಗಂದು ಮನೆಗೆ ಹೋದ. ನನ್ನ ಅಪ್ಪ ಇದ್ದಾಗಲೂ ಅವನು ಹೊತ್ತಿಗೆ ಮುಂಚೆ ಅಂಗಡಿ ಬಿಟ್ಟು ಹೋದವನಲ್ಲ.

ಇನ್ನೊಂದು. ಹದಿಮೂರರಂದು ಫೋನು ಮರೆತೆನೆಂದು ಬರೆದಿದ್ದೇನೆ. ಮರೆತದ್ದಲ್ಲ. ಯಾಕೆ ಬರಲಿಲ್ಲ ಎಂದು ಬಸಗೊಂಡಪ್ಪನವರು ಕೇಳುತ್ತಾರೆ, ಹೋಳಿಗೆ ಗಂಟಲಲ್ಲಿ ಸಿಗುತ್ತದೆ ಎಂದು ಬೇಕಂತಲೇ ಬಿಟ್ಟು ಹೋಗಿದ್ದೆ.

ಏಪ್ರಿಲ್ 25, ಶುಕ್ರವಾರ

ಬಸಗೊಂಡಪ್ಪನವರು ಅಂಗಡಿಗೇ ಬಂದಿದ್ದರು. ಮುಂದಿನ ಸೀಜನ್‌ಗೆ ಅದೇ ಜಾಗದಲ್ಲಿ ಹೊಸ ಶೆಡ್ಡು, ಅದನ್ನೂ ನಾನೇ ಕಟ್ಟಬೇಕಂತೆ. ಇನ್ನು ಮೇಲೆ ತಿಪ್ಪವ್ವನಂಥವರನ್ನು ಇಟ್ಟುಕೊಳ್ಳುವುದಿಲ್ಲ, ತಿಳಿದವರನ್ನು ಇಡುತ್ತೇನೆ ಅಂದರು. ಬೇರೆ ತೋಟದವರೂ ಅದನ್ನೇ ಹೇಳುತ್ತಿದ್ದಾರಂತೆ. ಕಾಲು ನೆಟ್ಟಗಾದರೂ ಆಕೆಯನ್ನು ಆ ಭಾಗದಲ್ಲಿ ಯಾರೂ ಶೆಡ್ಡಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಊರಲ್ಲಿ ಈಗಾಗಲೇ ತಾಡಪತ್ರಿ ತಿಪ್ಪವ್ವ ಎಂದು ಹೆಸರಿಟ್ಟಿದ್ದಾರೆಂದು ನಕ್ಕರು.

ಎರಡು ಬೆರಳಲ್ಲಿ ಒತ್ತಿ ನೋಡಿ ಕಾಯಿ ಇನ್ನೆಷ್ಟು ದಿನಕ್ಕೆ ಒಣಗುತ್ತದೆ ಎಂದು ಹೇಳಬಲ್ಲ ಹೆಂಗಸು ಆಕೆ. ಫೆಬ್ರುವರಿಯಲ್ಲಿ ನನ್ನ ಕಣ್ಣೆದುರೇ ಹೇಳಿದ್ದಳು, ಹೇಳಿದ ದಿನಕ್ಕೆ ಸರಿಯಾಗಿ ಒಣಗಿತ್ತು.

ಅಳತೆ ಬರೆದುಕೊಂಡೆ. ಹಿಂದಿನ ಪುಟದಲ್ಲಿದೆ. ನೋಡಿದರೆ ಅಂಕಿ ಎಲ್ಲ ತಪ್ಪಿವೆ.

ಏಪ್ರಿಲ್ 26, ಶನಿವಾರ

ಹತ್ತೊಂಬತ್ತರಂದು ಒಂದು ಮಾತು ಬರೆಯದೆ ಬಿಟ್ಟಿದ್ದೇನೆ. ಆಸ್ಪತ್ರೆಯಲ್ಲಿ ತಿಪ್ಪವ್ವ ಇನ್ನೂ ಒಂದು ಮಾತು ಆಡಿದ್ದಳು. "ಕಟ್ಟು ಅಂತ ನೀವ ಹೇಳಿದ್ರಿ ಖರೆ, ಆದ್ರೂ ಗಾಳಿ ನೋಡಿ ಬಿಡಬೇಕಿತ್ತು."

ಹೌದು, ನಾನೇ ಹೇಳಿದ್ದೆ. ಫೆಬ್ರುವರಿಯಲ್ಲಿ ತಾಡಪತ್ರಿಯ ಕೊಕ್ಕೆಗಳನ್ನು ಕೂರಿಸಿ ಆಕೆಯನ್ನು ಕರೆದು ತೋರಿಸಿದ್ದೆ. ಮಳೆ ಬರಲಿ, ಗಾಳಿ ಬರಲಿ, ನಾಲ್ಕೂ ಕಡೆ ಎಳೆದು ಕಟ್ಟಿಬಿಡು, ಚೇತನಕುಮಾರನ ಶೆಡ್ಡು ಅಲುಗಾಡುವುದಿಲ್ಲ ಎಂದು ಕಂಬವನ್ನು ಬಡಿದು ತೋರಿಸಿದ್ದೆ. ಪಡುವಣ ಸಾಲಿನ ಕಂಬವನ್ನೇ.

ಸೌಭಾಗ್ಯಳಿಗೆ ಇದೆಲ್ಲವನ್ನೂ ಹೇಳಿದೆ. ಬೈದಾಳು ಅಂದುಕೊಂಡಿದ್ದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಬಿಟ್ಟ ಆ ಡಬ್ಬಿ ಇಸಕೊಂಡು ಬರಲು ಯಾವತ್ತು ಹೋಗುತ್ತೀರಿ ಎಂದು ಕೇಳಿದಳು. ತಿಪ್ಪವ್ವನನ್ನು ಇವತ್ತು ಊರಿಗೆ ಕಳಿಸಿದ್ದಾರಂತೆ.

ನಾನು ನಾಚಿಕೆಯಿಂದ ಸಾಯುತ್ತಿದ್ದೇನೆ. ಇದನ್ನು ಬೇರೆ ಹೇಗೆ ಬರೆಯಬೇಕೋ ತಿಳಿಯದು.

ಏಪ್ರಿಲ್ 29, ಮಂಗಳವಾರ

ಬೆಳಿಗ್ಗೆ ಚಾಚಾನ ಮನೆಗೆ ಹೋಗಿ ಅವನನ್ನು ಕರೆದುಕೊಂಡೆ. ಎಲ್ಲಿಗೆ ಎಂದು ಕೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಬಂದ.

ಮೊದಲು ಬಸಗೊಂಡಪ್ಪನವರ ತೋಟ. ಬುಡದ ಪ್ಲೇಟುಗಳನ್ನು ತೋರಿಸಿ ಎಲ್ಲ ಹೇಳಿದೆ. ಅವರು ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. ನೀನು ಸುಮ್ಮನಿದ್ದಿದ್ದರೆ ಎಲ್ಲ ಸುಮ್ಮನಾಗುತ್ತಿತ್ತು ಅಂದರು. ಮಾಲಿದ್ದಾಗ ವೆಲ್ಡಿಂಗ್ ಬೇಡ ಅಂದವರು ತಾವೇ ಎಂಬುದು ಅವರಿಗೂ ನೆನಪಾಗಿರಬೇಕು. ಆಮೇಲೆ ಸಿಟ್ಟಿಗೆದ್ದು, ಹೊಸ ಶೆಡ್ಡನ್ನು ಬೇರೆಯವರಿಗೆ ಕೊಡುತ್ತೇನೆ, ನೀನು ನಡಿ ಅಂದರು. ನಡೆದೆವು.

ತಿಪ್ಪವ್ವ ಬಾಗಿಲ ಹತ್ತಿರ ಹೊರಸಿನ ಮೇಲೆ ದಿಂಬಿಗೆ ಒರಗಿದ್ದಳು. ನೀಲಾ ರಜೆ ಹಾಕಿ ಬಂದಿದ್ದಳು. ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಅದಕ್ಕೆ ಹಾಕಿದ್ದ ಜಯಂತಿಯ ಹಾರ ಒಣಗಿತ್ತು, ತೆಗೆಯುವವರಿಲ್ಲದೆ ಹಾಗೇ ಇತ್ತು. ನಾನು ನೆಲದ ಮೇಲೆ ಕೂತೆ. ಮೇಲೆ ಕೂರ್ರಿ ಅಂದರು, ಕೂರಲಿಲ್ಲ. ಟ್ಯಾಕ್, ಕ್ಲಾಂಪು, ಹದಿಮೂರನೆಯ ತಾರೀಖು, ಎಲ್ಲ ಹೇಳಿದೆ. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

ನೀಲಾ ಏನೋ ಅನ್ನಲು ಬಂದಳು. ತಾಯಿ ಕೈಯೆತ್ತಿ ತಡೆದರು.

"ಅಂದ್ರ ತಾಡಪತ್ರಿ ಕಟ್ಟಿದ್ದು ತಪ್ಪಲ್ಲ?"

"ತಪ್ಪಲ್ಲ ಬೇ ಯವ್ವಾ. ನಾ ಹೇಳಿದಂಗ ಮಾಡೀರಿ."

"ಗಾಳಿ ಬಂದಾಗ ನೀವು ಎಲ್ಲಿದ್ರಿ?"

"ಸಾರವಾಡದಾಗ. ನಿದ್ದಿ ಹತ್ತಿತ್ತು."

ನಿದ್ದಿ, ಎಂದು ಅದೊಂದೇ ಮಾತನ್ನು ತಿರುಗಿ ಅಂದರು. ಆಮೇಲೆ, ಆ ಗಾಳಿ ಹೇಗಿತ್ತೆಂದು ನಿಮಗೆ ಗೊತ್ತಿಲ್ಲ, ಕೇಳಿರಿ ಎಂದು ಹೇಳತೊಡಗಿದರು. ಹದಿನಾರು ದಿನದಲ್ಲಿ ನಾನು ಯಾರನ್ನೂ ಅದನ್ನು ಕೇಳಿರಲಿಲ್ಲ.

"ಮೊದಲ ಧೂಳ ಬಂತ್ರಿ, ಕಣ್ಣ ಕಾಣಲಿಲ್ಲ. ಉಳದವ್ರು ಓಡಿದ್ರು. ನಾ ಮೂರು ಕಡೆ ಕಟ್ಟಿ ಪಡುವಲ ಕಡೀದು ಕಟ್ಟಾಕತ್ತಿದ್ದೆ. ಮ್ಯಾಲ ಆಣೆಕಲ್ಲು ಬಡಿಯೂ ಸಪ್ಪಳಕ್ಕ ನಾ ಒದರಿದ್ದು ನನಗ ಕೇಳಲಿಲ್ಲ. ಗಂಟ ಹಾಕೂದ್ರಾಗ ಕಂಬ ನೆಲಾ ಬಿಟ್ಟು ಎದ್ದು ನಿಂತಿತು. ನಾ ಅದನ್ನ ಅಪ್ಪಿ ಹಿಡಕೊಂಡ್ನಿ. ನನ್ನ ಭಾರಕ್ಕ ನಿಂತೀತು ಅಂತ ತಿಳಕೊಂಡ್ನಿ."

ಚಾಚಾ ಎದ್ದು ಹೊರಗೆ ಹೋದ.

"ಹದಿನಾರ ದಿನ ಆತು, ನನಗ ನಿದ್ದಿ ಇಲ್ಲ. ಕಣ್ಣ ಮುಚ್ಚಿದ್ರ ಕಟ್ಟಿದ ಗಂಟ ಬಿಚ್ಚಾಕತ್ತಿರತೀನಿ. ನನ್ನೊಬ್ಬಾಕಿ ಮುಂದ ಹೇಳಿದ್ರ ಸಾಲೂದಿಲ್ರಿ. ಹೆಸರ ಇಟ್ಟವ್ರ ಮುಂದ ಹೇಳ್ರಿ."

ಆಸ್ಪತ್ರೆಯ ಖರ್ಚನ್ನು ನಾನು ಕೊಡುತ್ತೇನೆಂದು ನಡುವೆ ಬಾಯಿ ಹಾಕಿದೆ. ಅದು ಕೊಡಲೇಬೇಕಾದದ್ದು, ಇದು ಬೇರೆ ಎಂದು ನೀಲಾ ಅಂದಳು. ಚಪ್ಪಲಿ ಹಾಕಿಕೊಂಡು ಮುಂದೆ ನಡೆದಳು. ನಾನು ಹಿಂದೆ ಹೋದೆ.

ಮೊದಲು ಚಂದ್ರಾಬಾಯಿಯ ಮನೆ. ದ್ರಾಕ್ಷಿ ಕೊಯ್ಯುವ ಹೆಂಗಸರ ತಂಡವನ್ನು ಕಟ್ಟುವವರು ಅವರೇ, ಯಾರಿಗೆ ಎಲ್ಲಿ ಕೆಲಸ ಎಂಬುದು ಅವರ ಬಾಯಲ್ಲಿದೆ. ಅಲ್ಲಿ ನಾನು ದ್ರಾಕ್ಷಿಯ ಟ್ರ್ಯಾಕ್ಟರ್ ಬೇಗ ಬಂದದ್ದರಿಂದ ಶುರು ಮಾಡಿದೆ. ಸೀಜನ್, ಬಲೆ, ಕಿಡಿ, ಎಲ್ಲ ಶೆಡ್ಡಿನವರು ಮಾಡುವ ರೂಢಿ, ಯಾರೂ ಕಾಣದಂಥ ಗಾಳಿ. ಚಂದ್ರಾಬಾಯಿ ಅಕ್ಕಿ ಆರಿಸುತ್ತಲೇ ಕೇಳಿ, ಇಷ್ಟೆಲ್ಲ ನನಗೆ ತಿಳಿಯುವುದಿಲ್ಲ, ತಪ್ಪು ಯಾರದು ಅಷ್ಟು ಹೇಳಿ ಅಂದರು. ನನ್ನದು ಅಂದೆ. ಹೊರಗೆ ಬಂದು ನೋಡಿದ ಪಕ್ಕದ ಮನೆಯವರಿಗೂ ಅವರೇ ಕರೆದು ಕೇಳಿಸಿದರು.

ಅದೇ ತಂಡದ ಮಾಬುಬಿಯವರ ಮನೆಯಲ್ಲಿ ಗಾಳಿಯ ಮಾತು ಬಿಟ್ಟೆ. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಏಳೆಂಟು ಗಂಡಸರಿದ್ದರು, ಆ ಹೆಸರನ್ನು ಇಟ್ಟವರೂ ಅಲ್ಲೇ ಇದ್ದರಂತೆ. ಅಲ್ಲಿ ಬಸಗೊಂಡಪ್ಪನವರ ಮಾತನ್ನೂ ಎತ್ತಲಿಲ್ಲ. ಐದನೆಯ ಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತು ಹೇಳಿ ಮುಗಿಸಿದೆ: "ಶೆಡ್ಡ ಬಿದ್ದದ್ದು ನನ್ನ ಕೆಲಸದಿಂದ್ರಿ. ತಿಪ್ಪವ್ವನವರದು ಏನೂ ತಪ್ಪಿಲ್ಲ."

ತಿರುಗಿ ಬಂದಾಗ ಮೂರು ಗಂಟೆ. ತಿಪ್ಪವ್ವನವರು ಹೊರಸಿನ ಮೇಲಿಂದಲೇ ನನ್ನನ್ನು ಬಿಟ್ಟು ಮಗಳನ್ನು ಕೇಳಿದರು, ಎಷ್ಟು ಮನೆ ಆಯಿತು ಎಂದು. ಐದು ಮನೆ, ಒಂದು ಅಂಗಡಿ ಎಂದಳು ನೀಲಾ. ಏನು ಹೇಳಿದರು ಎಂದು ಕೇಳಿದರು. ನೀಲಾ ನನ್ನ ಕಡೆಯ ಮಾತನ್ನು ಹಾಗೇ ಹೇಳಿದಳು. ತಿಪ್ಪವ್ವನವರು ಕೇಳಿಸಿಕೊಂಡರು. ದಿಂಬು ಸರಿ ಮಾಡಲು ಮಗಳಿಗೆ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಉಸಿರು ಬದಲಾಯಿತು. ನೀಲಾ ಬಗ್ಗಿ ನೋಡಿ, ನಿದ್ದೆ ಹತ್ತಿದೆ ಎಂದು ಸನ್ನೆ ಮಾಡಿದಳು, ಹಿಂದೆಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ನಾಲ್ಕಕ್ಕೆ ಸ್ವಲ್ಪ ಗಾಳಿ ಎದ್ದಿತು, ಮನೆಯ ಮೇಲಿನ ತಗಡು ಒಮ್ಮೆ ಸದ್ದು ಮಾಡಿತು. ಎದ್ದು ಹೋಗಿ ಅದರ ಮೇಲೆ ಒಂದು ಕಲ್ಲು ಇಟ್ಟು ಬಂದೆ. ಊರಿಗೆ ಹೋಗೋಣವೇ ಎಂದು ಚಾಚಾ ಎರಡು ಸಲ ಕೇಳಿದ. ತಡಿ ಅಂದೆ. ಅವರು ಏಳುವವರೆಗೂ ಪಡುವಣ ಆಕಾಶ ನೋಡುತ್ತ ಅಲ್ಲೇ ಕೂತಿದ್ದೆ.